ವೈನಿ ಕೊಂಡ ಎರಡನೇ ಅರ್ಜಿ

ಹೋದ ತಿಂಗಳು ಹುಬ್ಬಳ್ಳಿಯಿಂದ ವೈನಿಯ ಮಗ ಫೋನು ಮಾಡಿದ. "ಅವ್ವ ಹೋದ್ಲರೀ, ನಿನ್ನೆ ಮುಂಜಾನೆ," ಎಂದ. ಆಮೇಲೆ ಅವನೇ, "ಯಾರಿಗೆ ಫೋನ್ ಮಾಡಬೇಕು, ಯಾರಿಗೆ ಮಾಡಬಾರದು, ಎಲ್ಲಾ ಹೇಳೇ ಹೋಗ್ಯಾಳ," ಎಂದ. ನನಗೆ ಮೊದಲು ನಗು ಬಂತು. ಸಾಯುವ ವ್ಯವಹಾರವನ್ನೂ ಇನ್ನೊಬ್ಬರ ಕೈಗೆ ಬಿಡದ ಹೆಂಗಸು. ನಗು ಮುಗಿಯುವ ಮುಂಚೆಯೇ ಅಳು ಬಂತು. ಅವನು ಫೋನು ಇಡದೆ ಕಾದ. ಅಷ್ಟು ತಾಳ್ಮೆ ಅವನಿಗೆ ಅಪ್ಪನಿಂದ ಬಂದದ್ದು, ಅಮ್ಮನಿಂದ ಖಂಡಿತ ಅಲ್ಲ.

ವೈನಿ ಎಂದರೆ ಧಾರವಾಡದ ಕಡೆ ಅಣ್ಣನ ಹೆಂಡತಿ. ವಿಶಾಖಪಟ್ಟಣದಲ್ಲಿದ್ದ ನಾಲ್ಕು ಜನ ಕನ್ನಡಿಗರಿಗೆಲ್ಲ ಅವರು ವೈನಿಯೇ. ನನ್ನಮ್ಮ ಅವರಿಗಿಂತ ವಯಸ್ಸಿನಲ್ಲಿ ದೊಡ್ಡವಳು, ಹಾಸನದವಳು, ವೈನಿ ಎಂಬ ಮಾತನ್ನೇ ಅಲ್ಲಿಗೆ ಬಂದು ಕಲಿತವಳು. ಅವಳೂ ಹಾಗೇ ಕರೆಯುತ್ತಿದ್ದಳು. ಅವರ ನಿಜವಾದ ಹೆಸರನ್ನು ನಾನು ಮೊದಲ ಸಲ ಓದಿದ್ದು ಒಂದು ನೋಟೀಸ್ ಬೋರ್ಡಿನ ಮೇಲೆ. ಆ ಕತೆಗೆ ಆಮೇಲೆ ಬರುತ್ತೇನೆ.

ಅವರ ಗಂಡ ಬ್ಯಾಂಕಿನ ಅಧಿಕಾರಿ, ವರ್ಗವಾಗಿ ಬಂದವರು. ನಮ್ಮಪ್ಪ ನೌಕಾಪಡೆಯ ನೌಕರಿ ಮುಗಿಸಿ ಬಂದರಿನಲ್ಲಿ ಕೆಲಸಕ್ಕೆ ಸೇರಿ, ಅಲ್ಲೇ ನೆಲೆ ನಿಂತವರು. ಬೀಚ್ ರಸ್ತೆಯಿಂದ ಎರಡು ಬೀದಿ ಒಳಗೆ ಒಂದು ಕಟ್ಟಡ. ಕೆಳಗೆ ಮನೆಯ ಮಾಲೀಕರು, ಮೇಲೆ ಎದುರುಬದುರು ಬಾಗಿಲಿನಲ್ಲಿ ನಾವು ಮತ್ತು ವೈನಿ. ಎರಡು ಬಾಗಿಲೂ ಹಗಲೆಲ್ಲ ತೆರೆದೇ ಇರುತ್ತಿದ್ದವು. ವೈನಿಗೆ ಬಾಗಿಲು ಹಾಕಿಕೊಂಡು ಮಾತಾಡುವ ಅಭ್ಯಾಸವಿರಲಿಲ್ಲ. ಅವರ ದನಿಗೆ ಬಾಗಿಲು ಹಾಕಿದರೂ ಪ್ರಯೋಜನವಿರಲಿಲ್ಲ.

ಎತ್ತರದ ಆಳು. ಮನೆಯಲ್ಲಿದ್ದರೂ ಇಳಕಲ್ ಸೀರೆ, ಹೊರಟರೆ ಕಂಕುಳಲ್ಲಿ ಒತ್ತಿ ಹಿಡಿದ ಕಪ್ಪು ಪರ್ಸು. ನಡೆದರೆ ಪಕ್ಕದವರು ಓಡಬೇಕು. ಯಾವುದಕ್ಕೂ ಹಿಂಜರಿದವರಲ್ಲ. ರೈಲಿನಲ್ಲಿ ಕಿಟಕಿ ಬದಿಯ ಜಾಗ, ಅಂಗಡಿಯಲ್ಲಿ ಬೇರೆ ಬಣ್ಣದ ಸೀರೆ, ಡಾಕ್ಟರ ಹತ್ತಿರ ಎರಡನೇ ಸಲ ವಿವರಣೆ, ಎಲ್ಲವನ್ನೂ ಕೇಳುತ್ತಿದ್ದರು. "ಕೇಳಲಿಕ್ಕೆ ರೊಕ್ಕ ಹತ್ತೂದಿಲ್ಲ," ಎಂಬುದು ಅವರ ಮಾತು. ಕೇಳಿ ಕೇಳಿ ಅವರಿಗೆ ಸಿಗುತ್ತಲೂ ಇತ್ತು. ಪಕ್ಕದಲ್ಲಿ ನಿಂತ ನನಗೆ ಮುಜುಗರವಾಗಿ ಬೇರೆ ಕಡೆ ನೋಡುತ್ತಿದ್ದೆ.

ಒಂದು ಯುಗಾದಿಗೆ ಕನ್ನಡ ಸಂಘದವರು ಎಲ್ಲರಿಗೂ ಹೋಳಿಗೆ ಊಟ ಹಾಕುವುದೆಂದಾಯಿತು. ಬೆಲ್ಲ ತರಲು ವೈನಿ ನನ್ನನ್ನೂ ಅಮ್ಮನನ್ನೂ ಎಳೆದುಕೊಂಡು ಬೆಲ್ಲದ ಮಂಡಿಗೆ ಹೆಸರಾದ ಅನಕಾಪಲ್ಲಿಗೇ ಹೊರಟರು. ಮಂಡಿಯಲ್ಲಿ ವ್ಯಾಪಾರಿ ಅಚ್ಚುಗಳನ್ನು ತೋರಿಸಿದ. ಮೇಲೆ ನೋಡಲು ಚಿನ್ನದ ಬಣ್ಣ. ವೈನಿ ಒಪ್ಪಲಿಲ್ಲ. ನಡುವೆ ಒಡೆದು ತೋರಿಸಬೇಕೆಂದು ಹಟ ಹಿಡಿದರು. ಅವರ ತೆಲುಗು ಹೇಗೆಂದರೆ ಧಾರವಾಡದ ಕನ್ನಡಕ್ಕೇ ಕೊನೆಯಲ್ಲಿ ಒಂದು "ಅಂಡಿ" ಅಂಟಿಸುವುದು. "ಒಡದು ತೋರಸಂಡಿ. ಒಳಗ ಕರೀದಿದ್ರ ನಮಗ ಬ್ಯಾಡಂಡಿ." ಅವನು ತಬ್ಬಿಬ್ಬಾಗಿ ನೋಡಿದ, ನಕ್ಕ, ಕೊನೆಗೆ ಅಚ್ಚು ಒಡೆದ. ಒಳಗೂ ಚಿನ್ನದ ಬಣ್ಣವೇ. "ನಾ ಹೇಳಲಿಲ್ಲೇನು, ಚಲೋ ಬೆಲ್ಲ ಅಂತ," ಎಂದು ವೈನಿ ಅವನಿಗೇ ಶಾಭಾಸ್‌ಗಿರಿ ಕೊಟ್ಟು ಬಂದರು.

ಎಂಬತ್ತರ ದಶಕದ ಕೊನೆಯ ಹೊತ್ತಿಗೆ ನಾನು ಬಿ.ಕಾಂ. ಮುಗಿಸಿದೆ. ಆಗ ವಿಶಾಖಪಟ್ಟಣದಲ್ಲಿ ಹೊಸದಾಗಿ ಒಂದು ಬಿಸಿನೆಸ್ ಸ್ಕೂಲು ತೆರೆದಿತ್ತು. ನನಗೆ ಅದರ ಹುಚ್ಚು ಹಿಡಿಸಿದ್ದು ಅಪ್ಪನ ಬಂದರಿನಲ್ಲಿ ನೋಡಿದ ಒಬ್ಬ ಹೆಂಗಸು. ಮದ್ರಾಸಿನ ಯಾವುದೋ ಹಡಗು ಕಂಪನಿಯ ಮ್ಯಾನೇಜರು. ಹಳದಿ ಹೆಲ್ಮೆಟ್ಟು ಹಾಕಿಕೊಂಡು ಹಡಗು ನಿಲ್ಲುವ ಧಕ್ಕೆಯ ಮೇಲೆ ನಿಂತು, ತನ್ನ ತಂದೆಯ ವಯಸ್ಸಿನವರಿಗೆಲ್ಲ ಕೆಲಸ ಹೇಳುತ್ತಿದ್ದಳು. ಅವಳು ಎಂ.ಬಿ.ಎ. ಓದಿದವಳು ಎಂದು ಅಪ್ಪ ಹೇಳಿದರು. ನನಗೂ ಅದೇ ಬೇಕು ಎಂದೆ. ಅಪ್ಪ ಎರಡು ದಿನ ಯೋಚಿಸಿ, "ಒಂದು ಸಲ ನೋಡು. ಸಿಗ್ಲಿಲ್ಲ ಅಂದ್ರೆ ಸುಮ್ನೆ ಬ್ಯಾಂಕ್ ಪರೀಕ್ಷೆ ಕಟ್ಟು," ಎಂದರು. ನನಗೆ ಇದ್ದದ್ದು ಆ ಒಂದು ಸಲ.

ಅರ್ಜಿ ತರಲು ವೈನಿ ಜೊತೆಗೆ ಬಂದರು. ಮೇ ತಿಂಗಳ ಬಿಸಿಲು, ಎರಡು ಬಸ್ಸು ಬದಲಾಯಿಸಿ ಹೋಗುವ ಜಾಗ. ಕೌಂಟರಿನಲ್ಲಿ ನಾನು ಒಂದು ಅರ್ಜಿ ಕೇಳಿದೆ. ಹಿಂದಿನಿಂದ ವೈನಿ, "ಎರಡು ಕೊಡಂಡಿ," ಎಂದರು. ಹೊರಗೆ ಬಂದ ಮೇಲೆ ಎರಡನೆಯದು ಯಾರಿಗೆ ಎಂದು ಕೇಳಿದೆ.

"ನನಗ. ಇಷ್ಟು ಬಿಸಿಲಾಗ ಬಂದೇವಿ, ಒಂದಕ್ಕ ಬರೂದೇನು?"

ಸೊಪ್ಪು ಕೊಂಡ ಹಾಗೆ ಹೇಳಿದರು. ನಾನು ತಮಾಷೆಯೆಂದುಕೊಂಡೆ. ಮನೆಗೆ ಬಂದು ಅವರು ಕೈ ತೊಳೆದು ಅರ್ಜಿ ತುಂಬಲು ಕೂತಾಗ ತಮಾಷೆಯಲ್ಲ ಎಂದು ಗೊತ್ತಾಯಿತು. ಧಾರವಾಡದಲ್ಲಿ ಬಿ.ಎಸ್‌ಸಿ. ಮಾಡಿ, ಕೊನೆಯ ಪರೀಕ್ಷೆ ಬರೆದ ವಾರವೇ ಮದುವೆಯಾಗಿದ್ದವರು. ಆಗ ಅವರಿಗೆ ಮೂವತ್ತಾರೋ ಮೂವತ್ತೇಳೋ. ವರ್ಗದಿಂದ ವರ್ಗಕ್ಕೆ ಶಾಲೆ ಬದಲಾಗಬಾರದೆಂದು ಮಗನನ್ನು ಧಾರವಾಡದಲ್ಲಿ ಅಜ್ಜಿಯ ಹತ್ತಿರ ಬಿಟ್ಟಿದ್ದರು. ಗಂಡ ಸಂಜೆ ಬಂದು ಅರ್ಜಿ ನೋಡಿದರು, ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದರು, "ಫೋಟೋ ಹೊಸಾದು ತೆಗಸು, ಇದು ಮದುವಿ ಮುಂದಿಂದು," ಎಂದರು. ಅವರ ಒಪ್ಪಿಗೆ, ಆಕ್ಷೇಪಣೆ ಎಲ್ಲ ಅಷ್ಟೇ.

ಆ ಬೇಸಗೆಯಿಡೀ ನಾವಿಬ್ಬರೂ ಅವರ ಪಡಸಾಲೆಯಲ್ಲಿ ಚಾಪೆ ಹಾಕಿಕೊಂಡು ಓದಿದೆವು. ಲೆಕ್ಕದಲ್ಲಿ ಅವರು ದಡ್ಡರು. ಭಿನ್ನರಾಶಿಗಳನ್ನೆಲ್ಲ ಮರೆತಿದ್ದರು, ನಾನು ಹೇಳಿಕೊಟ್ಟರೆ, "ಇದನ್ನ ಕಂಡು ಹಿಡದವನ ಕೈಗೆ ಸಿಗಬೇಕು ನನಗ," ಎಂದು ಬೈಯುತ್ತ ಮಾಡುತ್ತಿದ್ದರು. ಇಂಗ್ಲಿಷ್ ಪದಗಳನ್ನು ಮಾತ್ರ ಕಲಿತದ್ದು ಕಲಿತಲ್ಲೇ ಬಳಸಬೇಕು ಅವರಿಗೆ. ಮನೆಗೆ ಬಂದವರ ಮುಂದೆ ಗಂಡನನ್ನು ತೋರಿಸಿ, "ಇವರು ಭಾಳ ಟ್ಯಾಸಿಟರ್ನ್ ನೋಡ್ರಿ," ಎನ್ನುತ್ತಿದ್ದರು. ಮಿತಭಾಷಿ ಎಂದು. ಆ ಮನುಷ್ಯ ಹೌದೆಂದು ಕೂಡ ಹೇಳದೆ ಸುಮ್ಮನೆ ನಗುತ್ತಿದ್ದರು.

ನನ್ನ ತೊಂದರೆ ಬೇರೆ. ನನಗೆ ಲೆಕ್ಕ ಬರುತ್ತಿತ್ತು, ಇಂಗ್ಲಿಷ್ ಬರುತ್ತಿತ್ತು, ನಾಲ್ಕು ಜನರ ನಡುವೆ ಬಾಯಿ ಬಿಡಲು ಬರುತ್ತಿರಲಿಲ್ಲ. ಆಯ್ಕೆಯಲ್ಲಿ ಗ್ರೂಪ್ ಡಿಸ್ಕಷನ್ ಎಂಬುದೊಂದು ಇತ್ತು. ಎಂಟು ಜನರನ್ನು ಸುತ್ತ ಕೂರಿಸಿ ಒಂದು ವಿಷಯ ಕೊಟ್ಟು ವಾದಿಸಿ ಎನ್ನುತ್ತಾರೆ. ಯಾರು ಹೇಗೆ ಮಾತಾಡುತ್ತಾರೆ ಎಂದು ಪಕ್ಕದಲ್ಲಿ ಕೂತು ಗುರುತು ಹಾಕಿಕೊಳ್ಳುತ್ತಾರೆ. ನಮ್ಮ ಮನೆಯಲ್ಲಿ ದೊಡ್ಡವರು ಮುಗಿಸುವವರೆಗೆ ಕಾಯುವುದನ್ನು ಕಲಿಸಿದ್ದರು. ದೊಡ್ಡವರು ಮುಗಿಸುತ್ತಲೇ ಇರಲಿಲ್ಲ, ಹಾಗಾಗಿ ನಾನು ಮಾತು ಶುರುಮಾಡಿರಲೇ ಇಲ್ಲ.

ವೈನಿ ಇದಕ್ಕೆ ಮದ್ದು ಕಂಡುಹಿಡಿದರು. ಶುಕ್ರವಾರ ಮಧ್ಯಾಹ್ನ ಅರಿಶಿನ ಕುಂಕುಮಕ್ಕೆ ಬರುವ ಹೆಂಗಸರನ್ನು ಗುಂಡಗೆ ಕೂರಿಸಿದರು. ಮಡಿಕೇರಿ ಕಡೆಯ ನೌಕಾಪಡೆಯವರ ಹೆಂಡತಿ, ಮಂಗಳೂರಿನ ಬ್ಯಾಂಕ್ ಗುಮಾಸ್ತರ ಹೆಂಡತಿ, ಕೆಳಗಿನ ಮನೆಯ ಮಾಲೀಕರ ಹೆಂಡತಿ, ನನ್ನಮ್ಮ. ವಿಷಯ, ಮಿಕ್ಸಿ ಒಳ್ಳೆಯದೋ ಒರಳೋ. ಮೂರು ಭಾಷೆಯಲ್ಲಿ ಒಟ್ಟಿಗೆ ಶುರುವಾಯಿತು. ನಾನು ಒಂದು ಒಳ್ಳೆಯ ವಾಕ್ಯವನ್ನು ಮನಸ್ಸಿನಲ್ಲಿ ಜೋಡಿಸಿಕೊಂಡು ಸಂದಿಗಾಗಿ ಕಾದೆ. ಸಂದಿ ಬರಲಿಲ್ಲ.

"ಹುಡುಗಿ, ನೀ ಉಸರು ತಗೊಳ್ಳೂದ್ರಾಗ ಇವರು ಎರಡು ಮನಿ ಸುದ್ದಿ ಮುಗಿಸ್ಯಾರ," ಎಂದರು ವೈನಿ. "ಚಂದಾಗಿ ಮಾತಾಡೂದು ಆಮ್ಯಾಲೆ. ಮೊದಲ ಬಾಯಿ ಹಾಕು."

ನಾಲ್ಕನೇ ಶುಕ್ರವಾರ ನಾನು ಅಮ್ಮನ ಮಾತನ್ನು ಅರ್ಧಕ್ಕೆ ತುಂಡರಿಸಿದೆ. ಅಮ್ಮ ಮುಖ ಊದಿಸಿಕೊಂಡಳು. ವೈನಿ ತಟ್ಟೆಯಲ್ಲಿದ್ದ ಕೊಬ್ಬರಿ ಸಕ್ಕರೆಯನ್ನು ನನಗೊಬ್ಬಳಿಗೇ ಕೊಟ್ಟರು.

ಲಿಖಿತ ಪರೀಕ್ಷೆ ಬರೆದು ಬಂದೆವು. ಆಮೇಲೆ ಅಂಚೆಯವನನ್ನು ಕಾಯುವ ಕಾಲ. ಅವನ ಸೈಕಲ್ ಗಂಟೆ ಕೇಳಿದರೆ ಮೆಟ್ಟಿಲಿಳಿದು ಓಡುತ್ತಿದ್ದೆ, ಅವನು ಮುಂದೆ ಹೋದರೆ ಗೇಟಿನಲ್ಲೇ ನಿಂತು ಅವನ ಬೆನ್ನು ನೋಡುತ್ತಿದ್ದೆ. ಕೊನೆಗೆ ಒಂದೇ ದಿನ ಇಬ್ಬರಿಗೂ ಕರೆ ಬಂತು. ಸ್ಕೂಲು ನಡೆಸುವ ಟ್ರಸ್ಟಿನ ಕಚೇರಿ ವಿಜಯವಾಡದಲ್ಲಿತ್ತು, ಬೆಂಜ್ ಸರ್ಕಲ್ಲಿನ ಹತ್ತಿರ. ಡಿಸ್ಕಷನ್ನೂ ಸಂದರ್ಶನವೂ ಅಲ್ಲೇ.

ವಿಜಯವಾಡದ ಬಿಸಿಲಿನ ಮುಂದೆ ನಮ್ಮ ಊರಿನದು ಬೆಳದಿಂಗಳು. ಮೂರನೇ ಮಹಡಿಯ ಕಾರಿಡಾರಿನಲ್ಲಿ ಟೈ ಕಟ್ಟಿದ ಹುಡುಗರು ಬೆವರುತ್ತ ನಿಂತಿದ್ದರು. ಅವರಲ್ಲೊಬ್ಬ ವಿನಯದಿಂದ ವೈನಿಯನ್ನು ಕೇಳಿದ, "ಆಂಟೀ, ಮೀ ಅಬ್ಬಾಯಿ ಏ ಗ್ರೂಪಂಡಿ?" ನಿಮ್ಮ ಹುಡುಗ ಯಾವ ಗುಂಪಿನಲ್ಲಿದ್ದಾನೆ ಎಂದು.

"ಅಬ್ಬಾಯಿ ಕಾದು ಬಾಬು, ನೇನೇ. ರೆಂಡೋ ಗ್ರೂಪು," ಎಂದರು ವೈನಿ. ಹುಡುಗನಲ್ಲ, ನಾನೇ, ಎರಡನೇ ಗುಂಪು. ಅಷ್ಟು ಶುದ್ಧ ತೆಲುಗು ಅವರ ಬಾಯಿಂದ ನಾನು ಕೇಳಿದ್ದು ಅದೇ ಮೊದಲು. ಹುಡುಗ ಸಾರಿ ಎಂದ. "ಸಾರಿ ಯಾಕ? ಒಳಗ ಬಾ, ಜಗಳಾಡೂಣು," ಎಂದು ಬೆನ್ನು ತಟ್ಟಿದರು.

ನನ್ನ ಗುಂಪಿನಲ್ಲಿ ನಾನು ಎರಡು ಸಲ ಮಾತಾಡಿದೆ. ಮೊದಲ ಸಲ ನನ್ನ ದನಿ ನನಗೇ ಕೇಳಿಸಲಿಲ್ಲ. ಎರಡನೇ ಸಲ ಪರವಾಗಿಲ್ಲ. ವೈನಿಯ ಗುಂಪಿನಲ್ಲಿ ಎಲ್ಲರೂ ಒಟ್ಟಿಗೆ ಕೂಗಾಡಿದರಂತೆ. ಇವರು ಕೈಕಟ್ಟಿ ಕೂತು, ಅವರಿಗೆ ಉಸಿರು ಹತ್ತಿದಾಗ, "ಎಲ್ಲರದೂ ಆಯಿತೇ? ಹಾಗಾದರೆ ಈಗ ವಿಷಯಕ್ಕೆ ಬರೋಣ," ಎಂದು ಇಂಗ್ಲಿಷಿನಲ್ಲಿ ಹೇಳಿದರಂತೆ. ಗುರುತು ಹಾಕಿಕೊಳ್ಳುತ್ತಿದ್ದವರೇ ನಕ್ಕುಬಿಟ್ಟರಂತೆ. ಸಂದರ್ಶನದಲ್ಲಿ ಒಬ್ಬರು, ಈ ಕೋರ್ಸಿಗೆ ನೀವು ಸ್ವಲ್ಪ ತಡವಾಗಿ ಬಂದಿರಿ ಅನಿಸುವುದಿಲ್ಲವೇ ಎಂದು ಕೇಳಿದ್ದರು.

"ಏನಂದ್ರಿ?" ಎಂದೆ.

"ತಡಾ ಆದದ್ದು ನಂದಲ್ಲ ಅಂದೆ. ನೀವು ಮೊದಲ ಕಾಲೇಜ್ ತೆಗದಿದ್ರ ನಾ ಮೊದಲ ಬರ್ತಿದ್ದೆ."

ವಾಪಸಾಗುವ ರೈಲಿನಲ್ಲಿ ಅವರು ಮೆಣಸಿನಕಾಯಿ ಬಜ್ಜಿ ತಿಂದು, ಸೆರಗು ಹೊದ್ದು ನಿದ್ದೆ ಹೋದರು. ನನಗೆ ಏಲೂರಿನವರೆಗೆ ಮನಸ್ಸಿನಲ್ಲೇ ಸ್ಕೂಲಿನ ಸೀಟು ಸಿಕ್ಕೇ ಸಿಕ್ಕಿತು, ರಾಜಮಂಡ್ರಿಯಲ್ಲಿ ಕೈಬಿಟ್ಟುಹೋಯಿತು, ತುನಿಯಲ್ಲಿ ಮತ್ತೆ ಸಿಕ್ಕಿತು. ಅನಕಾಪಲ್ಲಿ ಬಂದಾಗ ನಾನು ಆಡಬಹುದಾಗಿದ್ದ ಒಂದು ಅದ್ಭುತವಾದ ಮಾತು ಹೊಳೆದು ಹಣೆ ಚಚ್ಚಿಕೊಂಡೆ. ವೈನಿ ಕಣ್ಣು ಬಿಟ್ಟು, "ಮುಗದದ್ದನ್ನ ಎಷ್ಟು ಸಲ ರುಬ್ಬತಿ," ಎಂದು ಮಗ್ಗುಲು ಬದಲಿಸಿದರು.

ಫಲಿತಾಂಶವನ್ನು ಸ್ಕೂಲಿನ ನೋಟೀಸ್ ಬೋರ್ಡಿಗೆ ಅಂಟಿಸಿದ್ದರು. ಆಯ್ಕೆಯಾದವರ ಪಟ್ಟಿಯ ನಡುವೆ ನನಗೆ ಪರಿಚಯವಿಲ್ಲದ ಒಂದು ಉದ್ದನೆಯ ಹೆಸರಿತ್ತು. ವೈನಿ ಅದರ ಮೇಲೆ ಬೆರಳಿಟ್ಟರು. "ನಾನಽ," ಎಂದರು. ನನ್ನ ಹೆಸರು ಅದರಲ್ಲಿರಲಿಲ್ಲ. ಕೆಳಗಿನ ವೇಟಿಂಗ್ ಲಿಸ್ಟಿನಲ್ಲಿತ್ತು, ಎಲ್ಲರಿಗಿಂತ ಮೊದಲು. ಯಾರಾದರೂ ಒಬ್ಬರು ಬಿಟ್ಟರೆ ನನಗೆ ಸಿಗುತ್ತದೆ, ಯಾರೂ ಬಿಡದಿದ್ದರೆ ಇಲ್ಲ.

ವೈನಿ ತಮ್ಮ ಸಂತೋಷವನ್ನು ನನಗಾಗಿ ಮುಚ್ಚಿಡಲಿಲ್ಲ. ಬಸ್‌ಸ್ಟಾಪಿನಲ್ಲಿ ನಿಂತು ಮುಖ ತುಂಬ ನಗುತ್ತಿದ್ದರು. ನನ್ನ ಮುಖ ನೋಡಿ ಹೇಳಿದರು, "ನಿಂದು ಬರಲಿಲ್ಲಂತ ನಾ ನಗೂದು ಬಿಡಲೇನು? ಈಗ ನಗತೀನಿ. ಸಂಜೀಕೆ ನಿನ್ನ ಜೋಡಿ ಅಳಲಿಕ್ಕೆ ಬರತೀನಿ." ನನಗೆ ಮೈಯೆಲ್ಲ ಉರಿಯಿತು. ಸಂಜೆ ಅವರು ಬಂದರು, ಹೇಳಿದ ಹಾಗೆ. ಇಬ್ಬರೂ ಬೀಚಿಗೆ ಹೋಗಿ ಕೂತೆವು. ನಾನು ಅತ್ತೆ. ಅವರು ಸಮಾಧಾನ ಹೇಳಲಿಲ್ಲ, ಪಕ್ಕದಲ್ಲೇ ಕೂತಿದ್ದರು. ಕತ್ತಲಾದ ಮೇಲೆ ಮನೆಗೆ ಬಂದೆವು.

ಅದಾಗಿ ಹತ್ತು ದಿನಕ್ಕೆ ಅವರ ಗಂಡನಿಗೆ ಹುಬ್ಬಳ್ಳಿಗೆ ವರ್ಗವಾಯಿತು.

ನಮ್ಮ ಕಡೆಯ ವರ್ಗಾವಣೆಯ ಕುಟುಂಬಗಳಲ್ಲಿ ಒಂದು ರೂಢಿಯಿತ್ತು. ಆರ್ಡರು ಬಂದ ಸುದ್ದಿ ಹಬ್ಬಿದ ಕೂಡಲೇ ಉಳಿದವರು ಹೋಗುವವರ ಮನೆಗೆ ಬಂದು, ಲಾರಿಯಲ್ಲಿ ಒಯ್ಯಲಾಗದ್ದನ್ನು ತಮಗೆಂದು ಹೇಳಿಟ್ಟು ಹೋಗಬೇಕು. ಅದರಲ್ಲಿ ನಾಚಿಕೆಯೇನಿಲ್ಲ, ಕೇಳದಿದ್ದರೇ ಬೇಜಾರು, ನಮ್ಮ ವಸ್ತು ಇವರಿಗೆ ಬೇಡವಾಯಿತೇ ಎಂದು. ವೈನಿಯ ಮನೆಯ ಮಲ್ಲಿಗೆ ಕುಂಡ ಮಡಿಕೇರಿಯವರಿಗೆ, ಮರದ ಸ್ಟ್ಯಾಂಡು ಮಂಗಳೂರಿನವರಿಗೆ, ಒರಳು ಕೆಳಗಿನ ಮನೆಯವರಿಗೆ ಎಂದಾಯಿತು. ವೈನಿ ಎಲ್ಲರಿಗೂ ಹೂಂ ಎಂದರು. ಅವರು ಹೊರಡುವುದು ಯಾರಿಗೂ ಒಂದು ಪ್ರಶ್ನೆಯೇ ಆಗಿರಲಿಲ್ಲ. ಗಂಡನಿಗೆ ವರ್ಗವಾದರೆ ಹೆಂಡತಿ ಪಾತ್ರೆ ಕಟ್ಟುತ್ತಾಳೆ. ನಮ್ಮ ಮನೆಗಳಲ್ಲಿ ಅದನ್ನು ಯಾರೂ ಯಾರನ್ನೂ ಕೇಳಿದ್ದಿಲ್ಲ. ಅದರಲ್ಲೂ ಹುಬ್ಬಳ್ಳಿಯೆಂದರೆ ಧಾರವಾಡದ ಪಕ್ಕ, ಮಗನ ಪಕ್ಕ.

ನಾನೂ ಲೆಕ್ಕ ಹಾಕಿದೆ. ಲೆಕ್ಕ ಕಷ್ಟದ್ದೇನಲ್ಲ. ವೈನಿ ಹೋದರೆ ಒಂದು ಸೀಟು, ಪಟ್ಟಿಯಲ್ಲಿ ಮೊದಲು ನಾನು.

ಆ ಶುಕ್ರವಾರ ಎಲ್ಲರೂ ಸೇರಿದ್ದಾಗ ನನ್ನಮ್ಮ, ಮೆಲ್ಲಗೆ, ಮಲ್ಲಿಗೆ ಕುಂಡ ಕೇಳುವ ದನಿಯಲ್ಲೇ ಕೇಳಿದಳು. "ವೈನಿ, ಎಲ್ರೂ ಏನೇನೋ ತಗೊಂಡ್ರು. ನಮಗೇನೂ ಬೇಡ. ನಿಮ್ದು ಆ ಕಾಲೇಜಿನ ಸೀಟು ಹೇಗಿದ್ರೂ ಬಿಡ್ತೀರಲ್ಲ, ಒಂದು ಕಾಗದ ಬೇಗ ಬರ್ದು ಕೊಟ್ಬಿಟ್ರೆ ನಮ್ಮ ಹುಡುಗಿಗೆ ಅನುಕೂಲ ಆಗುತ್ತೆ ನೋಡಿ."

ಯಾರಿಗೂ ಅದರಲ್ಲಿ ತಪ್ಪು ಕಾಣಲಿಲ್ಲ. ಮಂಗಳೂರಿನವರು ಹೌದೆಂದು ತಲೆಯಾಡಿಸಿದರು. ನಾನು ಬಾಗಿಲ ಹತ್ತಿರ ನಿಂತು ವೈನಿಯ ಬಾಯನ್ನೇ ನೋಡುತ್ತಿದ್ದೆ.

"ಅಕ್ಕಾರ, ಕುಂಡ ಒಯ್ರಿ, ಸ್ಟ್ಯಾಂಡ್ ಒಯ್ರಿ, ಬೇಕಾದ್ದು ಒಯ್ರಿ," ಎಂದರು ವೈನಿ. "ಈ ಮನಿ ನಾ ಬಿಡತೀನಿ, ನನಗೊಬ್ಬಾಕಿಗೆ ದೊಡ್ಡದಾಗ್ತದ. ತಾರಸಿ ಮ್ಯಾಲಿನ ಖೋಲಿ ಮಾತಾಡೇನಿ. ಆದ್ರ ಸೀಟು ಬಿಡೂದಿಲ್ಲ. ನಾ ಇಲ್ಲೇ ಇದ್ದು ಓದಾಕಿ."

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆ ಹೆಂಗಸರ ನಡುವೆ ಅಂಥ ಸಂದಿ ಸಿಕ್ಕಿದ್ದು ಅದೇ ಮೊದಲು. ಆಮೇಲೆ ಎಲ್ಲರೂ ಒಟ್ಟಿಗೆ ಶುರು ಮಾಡಿದರು. ಗಂಡನ ಊಟದ ಗತಿಯೇನು ಎಂದು ಒಬ್ಬರು, ಮಗನಿಗಿಂತ ಓದು ಹೆಚ್ಚಾಯಿತೇ ಎಂದು ಇನ್ನೊಬ್ಬರು.

"ಅವನೂ ಓದಲಿಕ್ಕತ್ತಾನ, ನಾನೂ ಓದತೀನಿ. ದಸರಾ ಸೂಟೀಗೆ ಇಬ್ಬರೂ ಕೂಡತೀವಿ," ಎಂದರು ವೈನಿ. ಮಗನ ಮಾತು ಬಂದಾಗ ಮಾತ್ರ ದನಿ ಸ್ವಲ್ಪ ಇಳಿಯಿತು. ಒಳಗೆ ಪೇಪರು ಓದುತ್ತಿದ್ದ ಅವರ ಗಂಡ ಬಾಗಿಲಿಗೆ ಬಂದರು. ಆ ಗುಂಪಿನ ಮುಂದೆ ಅವರು ಬಾಯಿ ಬಿಟ್ಟದ್ದನ್ನು ನಾವು ನೋಡಿರಲಿಲ್ಲ. "ಅನ್ನ ಮಾಡ್ಲಿಕ್ಕೆ ಬರ್ತದ ನನಗ. ಸಾರು ಕಲೀತೀನಿ," ಎಂದು ಹೇಳಿ ಮತ್ತೆ ಒಳಗೆ ಹೋದರು.

ನಾನು ವೈನಿಯ ಜೊತೆ ಮಾತು ಬಿಟ್ಟೆ. ನಮ್ಮ ಮನೆಯ ಬಾಗಿಲೂ ಹಗಲು ಹೊತ್ತೇ ಮುಚ್ಚಿಕೊಂಡಿತು. ಅಮ್ಮ ಅಡುಗೆಮನೆಯಲ್ಲಿ, "ಸ್ವಾರ್ಥ ಅಂದ್ರೆ ಇದು," ಎಂದು ಪಾತ್ರೆಗಳಿಗೆ ಹೇಳುತ್ತಿದ್ದಳು. ನಾನು ಪಾತ್ರೆಗಳ ಪರವಾಗಿ ಹೌದೆನ್ನುತ್ತಿದ್ದೆ. ಬೇಸಗೆಯಿಡೀ ಭಿನ್ನರಾಶಿ ಹೇಳಿಕೊಟ್ಟದ್ದು ನಾನು, ಸೀಟು ಅವರಿಗೆ.

ಮೂರನೇ ದಿನ ಬಟ್ಟೆ ಒಣಹಾಕಲು ತಾರಸಿಗೆ ಹೋದರೆ ವೈನಿ ಮೇಲಿನ ಕೋಣೆಯನ್ನು ಗುಡಿಸುತ್ತಿದ್ದರು. ನಾನು ತಿರುಗಿ ಹೊರಟೆ.

"ನಿಂದರು. ಬೈಯೂದಿದ್ರ ಮಾರಿ ಮುಂದ ಬೈ," ಎಂದರು.

"ನೀವು ಬಿಟ್ಟಿದ್ರೆ ನನಗೆ ಸಿಗ್ತಿತ್ತು," ಎಂದೆ.

"ಸಿಗ್ತಿತ್ತು. ಸಿಕ್ಕಿದ್ರ ನಿನ್ನ ಮದುವಿ ಆಗಿ ಮೊಮ್ಮಕ್ಕಳಾದ್ರೂ ನೀ ನನ್ನ ಋಣದಾಗ ಇರ್ತಿದ್ದಿ. ನಾ ಎಲ್ಲೇ ಸಿಕ್ಕರೂ ನಿನ್ನ ಮುಖ ನೋಡಿ ನನ್ನ ಸೀಟು ಅನ್ಕೋತಿದ್ದೆ. ಇಬ್ಬರಿಗೂ ಸುಖ ಇಲ್ಲ." ಕಸಬರಿಗೆಯನ್ನು ಗೋಡೆಗೆ ಒರಗಿಸಿದರು. "ನೀ ಮುಂದಿನ ವರ್ಷ ಬರೀತಿ, ಬರತಿ. ನನಗ ಮುಂದಿನ ವರ್ಷ ಇಲ್ಲ, ಹುಡುಗಿ. ಈ ವರ್ಷ ಬಿಟ್ಟೆನಂದ್ರ ಮುಗೀತು."

ಅದು ನಿಜವೆಂದು ನನಗೆ ಅಲ್ಲೇ ಗೊತ್ತಾಯಿತು, ಸಿಟ್ಟು ಮಾತ್ರ ಇಳಿಯಲಿಲ್ಲ. "ನನಗೂ ಇಲ್ಲ. ಅಪ್ಪ ಒಂದೇ ಸಲ ಅಂದಿದಾರೆ," ಎಂದೆ.

ವೈನಿ ಸೆರಗು ಸಿಕ್ಕಿಸಿಕೊಂಡು ಸೀದಾ ಕೆಳಗಿಳಿದರು. ಅಪ್ಪ ಬಂದರಿನಿಂದ ಬಂದು ಆಗಷ್ಟೇ ಕಾಫಿ ಲೋಟ ಹಿಡಿದಿದ್ದರು.

"ಭಾವಜೀ, ನಿಮ್ಮ ಬಂದರದಾಗ ಜಾಗಾ ಖಾಲಿ ಇಲ್ಲ ಅಂದ್ರ ಹಡಗ ಏನ್ ಮಾಡ್ತದರೀ?"

"ಹೊರಗೆ ಸಮುದ್ರದಲ್ಲಿ ನಿಂತಿರುತ್ತೆ," ಎಂದರು ಅಪ್ಪ, ಏನೂ ತಿಳಿಯದೆ.

"ವಾಪಸ್ ಹೋಗ್ತದೇನು?"

"ಸರಕು ಇಳಿಸ್ದೆ ಎಲ್ಲಿಗೆ ಹೋಗುತ್ತೆ?"

"ಮತ್ತ ಈಕೀನ್ಯಾಕ ವಾಪಸ್ ಕಳಸ್ತೀರಿ?"

ಅಪ್ಪ ಕಾಫಿ ಮುಗಿಸಿ ಲೋಟ ಕೆಳಗಿಟ್ಟರು. ಆಮೇಲೆ ನನ್ನ ಕಡೆ ನೋಡಿ, "ಇನ್ನೊಂದು ಸಲ ಕಟ್ಟು," ಎಂದರು. ತಮ್ಮ ಸೀಟು ಬಿಡದ ಹೆಂಗಸು ನನಗೆ ಇನ್ನೊಂದು ವರ್ಷ ಕೊಡಿಸಿ, ಬಂದಷ್ಟೇ ವೇಗದಲ್ಲಿ ಮೇಲೆ ಹೋದರು.

ಆ ವರ್ಷ ವೇಟಿಂಗ್ ಲಿಸ್ಟು ಒಂದು ಇಂಚೂ ಸರಿಯಲಿಲ್ಲ. ಯಾರೂ ಬಿಡಲಿಲ್ಲ.

ಗಂಡನನ್ನು ರೈಲು ಹತ್ತಿಸಿ ಬಂದ ದಿನ ವೈನಿ ಮೇಲೆ ಹೋಗದೆ ನಮ್ಮ ಮನೆಯ ಹೊಸ್ತಿಲ ಮೇಲೆ ಕೂತು ಅತ್ತುಬಿಟ್ಟರು. ಮುಚ್ಚುಮರೆಯಿಲ್ಲದ ಅಳು, ನಗುವಿನಷ್ಟೇ ದೊಡ್ಡ ದನಿ. ಒಂದು ವಾರದಿಂದ ಅವರನ್ನು ಬೈಯುತ್ತಿದ್ದ ನನ್ನಮ್ಮ ಪಕ್ಕದಲ್ಲಿ ಕೂತು ಬೆನ್ನು ಸವರಿದಳು. ಮುಖ ಒರೆಸಿಕೊಂಡು, "ಅಕ್ಕಾರ, ಒಂದೀಟು ಚಹಾ ಮಾಡ್ರಿ," ಎಂದರು. ನಮ್ಮ ಮನೆಯಲ್ಲಿ ಕಾಫಿಯಲ್ಲದೆ ಬೇರೆ ಇಲ್ಲವೆಂದು ಗೊತ್ತಿದ್ದೂ ಕೇಳಿದರು. ಅಮ್ಮ ಕೆಳಗಿನ ಮನೆಯಿಂದ ಚಹಾಪುಡಿ ತಂದು ಮಾಡಿಕೊಟ್ಟಳು. ಅಲ್ಲಿಂದ ನಮ್ಮ ಬಾಗಿಲು ಮತ್ತೆ ತೆರೆದುಕೊಂಡಿತು.

ಓದು ಅವರಿಗೆ ಸಲೀಸಾಗಿತ್ತೆಂದು ಯಾರೂ ತಿಳಿಯಬಾರದು. ಮೊದಲ ಟರ್ಮಿನಲ್ಲಿ ಅಕೌಂಟ್ಸಿನಲ್ಲಿ ಫೇಲಾದರು. ಬಿ.ಕಾಂ. ಓದಿದ ನಾನೇ ಮತ್ತೆ ಹೇಳಿಕೊಟ್ಟೆ, ಈ ಸಲ ಸಿಟ್ಟಿಲ್ಲದೆ. ಅವರು ಕ್ಲಾಸಿನಲ್ಲಿ ಕಲಿತದ್ದನ್ನೆಲ್ಲ ತಾರಸಿಯ ಮೇಲೆ ನನ್ನ ಮುಂದೆ ಒದರುತ್ತಿದ್ದರು. ನಾನು ತಡೆದು ಪ್ರಶ್ನೆ ಹಾಕುತ್ತಿದ್ದೆ. ಎಷ್ಟೋ ಸಲ ಜಗಳ ಜೋರಾಗಿ ಮಾಲೀಕರ ಹೆಂಡತಿ ಕೆಳಗಿನಿಂದ, "ಏಮಂಡೀ, ಏಮೈಂದಿ?" ಎಂದು ಕೂಗುತ್ತಿದ್ದರು. ಏನೂ ಆಗಿರುತ್ತಿರಲಿಲ್ಲ. ನಾನು ಅವರನ್ನು ಅರ್ಧಕ್ಕೆ ತಡೆದಿರುತ್ತಿದ್ದೆ, ಅಷ್ಟೇ. ಕ್ಲಾಸಿನ ಹುಡುಗರು ಅವರನ್ನು ಮೊದಲು ಆಂಟಿ ಎನ್ನುತ್ತಿದ್ದರು, ದೀಪಾವಳಿಯ ಹೊತ್ತಿಗೆ ಅವರೂ ವೈನಿ ಎನ್ನತೊಡಗಿದ್ದರು. ಅದರ ಅರ್ಥ ಅವರಿಗೆ ಗೊತ್ತಿರಲಿಲ್ಲ, ಅದೇ ಹೆಸರೆಂದುಕೊಂಡಿದ್ದರು.

ಮರುವರ್ಷ ವಿಜಯವಾಡಕ್ಕೆ ನಾನೊಬ್ಬಳೇ ಹೋದೆ. ಡಿಸ್ಕಷನ್ನಿನಲ್ಲಿ ಎಷ್ಟು ಸಲ ಮಾತಾಡಿದೆನೋ ಲೆಕ್ಕವಿಡಲಿಲ್ಲ. ಸಂದರ್ಶನದಲ್ಲಿ ಹಿಂದಿನ ವರ್ಷದ ಕಾಗದ ಅವರ ಮುಂದಿತ್ತು. ಒಬ್ಬರು ಕೇಳಿದರು, ಹೋದ ಸಲ ಒಬ್ಬರು ಬಿಟ್ಟಿದ್ದರೆ ನಿಮಗೆ ಸಿಗುತ್ತಿತ್ತು, ಬಿಡಲಿಲ್ಲವೆಂದು ಬೇಸರವಾಗಲಿಲ್ಲವೇ? ಆಯಿತು, ಬಹಳ ಆಯಿತು ಎಂದೆ. ಆದರೆ ಹಾಗೆ ಸಿಕ್ಕಿದ್ದರೆ ಹೀಗೆ ನಾಲ್ಕು ಜನರ ಮುಂದೆ ಕೂತು ಬಹಳ ಆಯಿತು ಎನ್ನುವ ಧೈರ್ಯ ನನಗೆ ಬರುತ್ತಿರಲಿಲ್ಲ ಎಂದೆ. ಅವರು ತಲೆಯೆತ್ತಿ ನನ್ನನ್ನು ನೋಡಿದರು. ರೈಲಿನಲ್ಲಿ ನಾನು ಬಜ್ಜಿ ತಿಂದು ನಿದ್ದೆ ಮಾಡಿದೆ.

ಈ ಸಲ ನನ್ನ ಹೆಸರು ಮೇಲಿನ ಪಟ್ಟಿಯಲ್ಲೇ ಇತ್ತು.

ಕ್ಲಾಸು ಶುರುವಾದ ದಿನ ವೈನಿ ಮೆಟ್ಟಿಲ ಹತ್ತಿರ ತಮ್ಮ ಗುಂಪಿನ ಹುಡುಗರ ನಡುವೆ ನಿಂತಿದ್ದರು. ಎರಡನೇ ವರ್ಷದವರು ಹೊಸಬರನ್ನು ನಿಲ್ಲಿಸಿ ಗೋಳು ಹೊಯ್ದುಕೊಳ್ಳುತ್ತಿದ್ದರು. ನನ್ನನ್ನೂ ನಿಲ್ಲಿಸಿದರು. ವೈನಿ ಪೂರ್ತಿ ಗಂಭೀರವಾಗಿ, ಇಂಗ್ಲಿಷಿನಲ್ಲಿ, ನನ್ನ ಹೆಸರು, ಊರು, ಇಲ್ಲಿಗೆ ಬಂದ ಉದ್ದೇಶ ಕೇಳಿದರು. ನಾನೂ ಗಂಭೀರವಾಗಿ ಹೇಳಿದೆ. ಹುಡುಗರು ಚೆದುರಿದ ಮೇಲೆ ನಾನು, "ಥ್ಯಾಂಕ್ಸ್ ವೈನಿ," ಎಂದೆ.

"ಯಾತಕ್ಕ? ನಾ ಏನ್ ಕೊಟ್ಟೆ ನಿನಗ?"

"ಏನೂ ಕೊಡ್ಲಿಲ್ಲ," ಎಂದೆ.

ವೈನಿ ನನ್ನ ಮೊಣಕೈ ಹಿಡಿದು ಮೊದಲ ವರ್ಷದ ಕ್ಲಾಸಿಗೆ ಕರೆದುಕೊಂಡು ಹೋದರು. ಹಿಂದಿನ ಸಾಲುಗಳೆಲ್ಲ ಆಗಲೇ ತುಂಬಿದ್ದವು. ಎಲ್ಲರಿಗಿಂತ ಮುಂದೆ, ನಡುವೆ, ಯಾರೂ ಕೂರಲು ಧೈರ್ಯ ಮಾಡದ ಒಂದು ಕುರ್ಚಿ ಖಾಲಿಯಿತ್ತು.

"ಇದು ನಿಂದು. ಕೂಡು," ಎಂದು ಹೇಳಿ ತಮ್ಮ ಕ್ಲಾಸಿಗೆ ಹೋದರು.